ಮಾನಿಟರ್ ಸಿಕ್ಕಿಸಿದೆಯೋ ಇಲ್ಲವೋ, ಡ್ರೈವರ್‌ಗೆ ಹೇಗೆ ಗೊತ್ತಾಗಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ರಾಯಚೂರಿನಲ್ಲಿ ಕೊನೇ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೀರಿ. ಪ್ರಾಜೆಕ್ಟ್‌ಗೆ ಒಂದು ಲಿನಕ್ಸ್ ಬೋರ್ಡ್‌ಗೆ ಡಿಸ್‌ಪ್ಲೇ ಡ್ರೈವರ್, ಅಂದರೆ ಪರದೆಯನ್ನು ನಡೆಸುವ ಸಾಫ್ಟ್‌ವೇರ್, ಬರೆಯುತ್ತಿದ್ದೀರಿ. ಬೋರ್ಡ್‌ನಲ್ಲಿ ಒಂದು ಎಚ್‌ಡಿಎಂಐ, ಒಂದು ವಿಜಿಎ. ಟಿವಿ ಆಫ್ ಮಾಡಿದರೂ ಡ್ರೈವರ್ 'ಕನೆಕ್ಟೆಡ್' ಅನ್ನುತ್ತದೆ. ಕೇಬಲ್ ಹಾಕಿದಾಗ ಒಮ್ಮೊಮ್ಮೆ ಫುಲ್ ಎಚ್‌ಡಿ ಬರದೆ 1024×768ಕ್ಕೆ ನಿಂತುಬಿಡುತ್ತದೆ. ವಿಜಿಎ ಮಾನಿಟರ್ ಹತ್ತು ಸೆಕೆಂಡಿಗೊಮ್ಮೆ ಮಿಣುಕುತ್ತದೆ. ಎಚ್‌ಪಿಡಿ (ಹಾಟ್ ಪ್ಲಗ್ ಡಿಟೆಕ್ಟ್, ಕೇಬಲ್ ಸಿಕ್ಕಿಸಿದ ಸುದ್ದಿ ಕೊಡುವ) ಪಿನ್‌ನ ಇಂಟರಪ್ಟ್ (ಕೈಯಲ್ಲಿನ ಕೆಲಸ ಬಿಟ್ಟು ಇತ್ತ ನೋಡು ಅನ್ನುವ ಸೂಚನೆ) ಹಿಡಿದರೆ ಸಾಕಲ್ವಾ, ಇನ್ನೇನು ಮಾಡಬೇಕು ಅಂತ ಕೇಳಿದ್ದೀರಿ.

ಸಾಕಾಗಲ್ಲ. ಎಚ್‌ಪಿಡಿ ಪಿನ್ ಹೇಳುವುದು ನೀವು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ. ಇದನ್ನು ನಾನು ಕಲಿತದ್ದು ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ. ಮೊದಲು ಅದನ್ನು ಹೇಳುತ್ತೇನೆ, ಯಾಕೆಂದರೆ ನಿಮ್ಮ ಮೂರು ತೊಂದರೆಗಳಲ್ಲಿ ಎರಡು ಅದರಲ್ಲೇ ಇವೆ.

ನಾನಿರುವುದು ಗಂಗಾವತಿ. ಒಂದು ಗಿರಣಿಯ ಲಾರಿ ಕಾಟಾದ ಹತ್ತಿರ ಚಿಕ್ಕ ಲಿನಕ್ಸ್ ಬಾಕ್ಸ್ ಕೂರಿಸಿದ್ದೆ. ಕಾಟಾ ರೂಮಿನೊಳಗೆ ಬಾಕ್ಸ್, ಹೊರಗೆ ಶೆಡ್ಡಿನ ಕಂಬಕ್ಕೆ ಟಿವಿ, ನಡುವೆ 15 ಮೀಟರ್ ಎಚ್‌ಡಿಎಂಐ ಕೇಬಲ್. ಲಾರಿ ನಂಬರ್, ತುಂಬಿದ ತೂಕ, ಖಾಲಿ ತೂಕ ಟಿವಿಯಲ್ಲಿ ಕಾಣಬೇಕು. ತಂದ ಭತ್ತದ ತೂಕವನ್ನು ರೈತರು ಕಣ್ಣಾರೆ ನೋಡಲಿ ಅಂತ ಸಾವ್ಕಾರ್ರು ಹಾಕಿಸಿದ್ದು. ಬಾಕ್ಸ್ ಯುಪಿಎಸ್ ಮೇಲಿತ್ತು, ಟಿವಿ ನೇರ ಲೈನ್ ಮೇಲೆ. ಸುಗ್ಗಿ ಶುರುವಾದ ವಾರದಲ್ಲೇ ಕಾಟಾ ನೋಡಿಕೊಳ್ಳುವವರ ಫೋನ್ ಬಂತು. "ಕರೆಂಟ್ ಹೋಗಿ ಬಂದ ಮ್ಯಾಲೆ ಟಿವಿ ಹತ್ತವಲ್ದು ನೋಡ್ರಿ. ನೋ ಸಿಗ್ನಲ್ ಅಂತ ತೋರ್ಸಾಕತ್ತೇತಿ. ಲಾರಿ ಸಾಲು ರೋಡಿಗೆ ಬಂದೇತಿ."

ಹೋಗಿ ಲಾಗ್ ತೆಗೆದು ನೋಡಿದೆ. ಕರೆಂಟ್ ಹೋದಾಗ ಆ ಟಿವಿ ಎಚ್‌ಪಿಡಿ ಪಿನ್‌ನ ವೋಲ್ಟೇಜ್ ಇಳಿಸುತ್ತಿತ್ತು. ನನ್ನ ಕೋಡ್ ಕೂಡಲೇ ಔಟ್‌ಪುಟ್ ಬಂದ್ ಮಾಡುತ್ತಿತ್ತು. ಕರೆಂಟ್ ಬಂದ ಮೇಲೆ ಟಿವಿ ಏಳುವಷ್ಟರಲ್ಲಿ ಎಚ್‌ಪಿಡಿ ಮೂರು ಸಲ ಏರಿ ಇಳಿದಿತ್ತು, ಕೊನೆಗೆ ಏರಿ ನಿಂತಿತ್ತು. ಮೊದಲ ಸಲ ಏರಿದಾಗಲೇ ನಾನು ಇಡಿಐಡಿ (ಯಾವ ಅಳತೆಯ ಚಿತ್ರ ತೋರಿಸಬಲ್ಲೆ ಅಂತ ಟಿವಿ ತನ್ನ ಬಗ್ಗೆ ಕೊಡುವ ವಿವರ) ಓದಲು ಹೋಗಿದ್ದೆ. ಟಿವಿಯ ಆ ಭಾಗ ಇನ್ನೂ ಎದ್ದಿರಲಿಲ್ಲ, ಓದು ಫೇಲ್. ಫೇಲ್ ಆದರೆ 'ಡಿಸ್‌ಕನೆಕ್ಟೆಡ್' ಅಂತ ನಾನೇ ಬರೆದಿದ್ದೆ. ಉಳಿದ ಏರಿಳಿತಗಳನ್ನು ಡಿಬೌನ್ಸ್ ಟೈಮರ್ (ಅಲುಗಾಟ ನಿಲ್ಲಲಿ ಅಂತ ಸ್ವಲ್ಪ ಕಾದು ನೋಡುವ ಟೈಮರ್) ನುಂಗಿಬಿಟ್ಟಿತ್ತು: ಹಿಂದಿನ ಲೆವೆಲ್ ಮೇಲೆ, ಈಗಿನ ಲೆವೆಲ್ಲೂ ಮೇಲೆ, ಅಂದಮೇಲೆ ಏನೂ ಬದಲಾಗಿಲ್ಲ ಅಂತ ಅದರ ಲೆಕ್ಕ. ಹಾಗಾಗಿ ಎರಡನೇ ಸಲ ಇಡಿಐಡಿ ಓದುವ ಕೆಲಸವೇ ನಡೆಯಲಿಲ್ಲ. ಟಿವಿ ಎದ್ದು ಕಾಯುತ್ತಿದೆ, ಬಾಕ್ಸ್ ಸುಮ್ನೆ ಕೂತಿದೆ.

ಈಗ ಪಿನ್ ವಿಷಯಕ್ಕೆ ಬರೋಣ. ಎಚ್‌ಡಿಎಂಐ ಕನೆಕ್ಟರ್‌ನಲ್ಲಿ 18ನೇ ಪಿನ್ ಮೇಲೆ ನಿಮ್ಮ ಬೋರ್ಡ್ 5 ವೋಲ್ಟ್ ಕೊಡುತ್ತದೆ. 19ನೇ ಪಿನ್ ಎಚ್‌ಪಿಡಿ, ಟಿವಿ ಕಡೆಯಿಂದ ಬರುವುದು. ಬಹಳಷ್ಟು ಟಿವಿಗಳು ಏನು ಮಾಡುತ್ತವೆ ಅಂದರೆ, ನೀವು ಕೊಟ್ಟ ಆ 5 ವೋಲ್ಟನ್ನೇ ಒಂದು ಕಿಲೋ ಓಮ್ ರೆಸಿಸ್ಟರ್ ಮೂಲಕ ಎಚ್‌ಪಿಡಿಗೆ ಕಟ್ಟಿಬಿಡುತ್ತವೆ. ನಿಮ್ಮದೇ ವೋಲ್ಟೇಜ್ ಕೇಬಲ್ ಸುತ್ತಿಕೊಂಡು ನಿಮಗೇ ವಾಪಸ್ ಬರುತ್ತದೆ. ಟಿವಿಯ ಪ್ಲಗ್ ಕಿತ್ತರೂ ಎಚ್‌ಪಿಡಿ ಮೇಲೇ ಇರುತ್ತದೆ. ಇಡಿಐಡಿ ಇಟ್ಟುಕೊಂಡ ಚಿಪ್ಪಿಗೂ ಅದೇ 5 ವೋಲ್ಟ್ ಸಾಕು, ಹಾಗಾಗಿ ಆಫ್ ಆದ ಟಿವಿಯಿಂದ ಇಡಿಐಡಿ ಕೂಡ ಓದಬಹುದು. ಎಚ್‌ಪಿಡಿ ಮೇಲಿದ್ದರೆ ಅದರ ಅರ್ಥ "ನನ್ನ ಇಡಿಐಡಿ ಓದಬಹುದು" ಅಂತ ಮಾತ್ರ. ಟಿವಿ ಆನ್ ಆಗಿದೆ, ಯಾರೋ ನೋಡುತ್ತಿದ್ದಾರೆ ಅನ್ನುವ ಅರ್ಥ ಅದಕ್ಕಿಲ್ಲ. ನಿಮ್ಮ ಡ್ರೈವರ್ ಮೊದಲ ವಿಷಯದಲ್ಲಿ ತಪ್ಪು ಮಾಡುತ್ತಿಲ್ಲ, ಅದನ್ನು ಹಾಗೇ ಬಿಡಿ.

ಟಿವಿ ನಿಜಕ್ಕೂ ಆನ್ ಇದೆಯಾ ಅಂತ ತಿಳಿಯಲೇಬೇಕಿದ್ದರೆ ಬೇರೆ ದಾರಿಗಳಿವೆ. ಕೆಲವು ಟ್ರಾನ್ಸ್‌ಮಿಟರ್ ಚಿಪ್‌ಗಳಲ್ಲಿ ಆರ್‌ಎಕ್ಸ್ ಸೆನ್ಸ್ ಅನ್ನುವ ಬಿಟ್ ಇರುತ್ತದೆ. ಸಿನಾಪ್ಸಿಸ್‌ನ ಎಚ್‌ಡಿಎಂಐ ಬ್ಲಾಕ್‌ನಲ್ಲಿ ಇದೆ, ಎಡಿವಿ7511ರಲ್ಲೂ ಮಾನಿಟರ್ ಸೆನ್ಸ್ ಅಂತ ಇದೆ. ಚಿತ್ರದ ತಂತಿಗಳನ್ನು ಟಿವಿ ತನ್ನ ಕಡೆ 3.3 ವೋಲ್ಟ್‌ಗೆ ಎಳೆದು ಹಿಡಿದಿದೆಯಾ ಅಂತ ಅದು ನೋಡುತ್ತದೆ. ಇದನ್ನೂ ಪೂರ್ತಿ ನಂಬಬೇಡಿ, ಸ್ಟ್ಯಾಂಡ್‌ಬೈನಲ್ಲಿ ಎಳೆದೇ ಇಟ್ಟುಕೊಳ್ಳುವ ಟಿವಿಗಳಿವೆ. 13ನೇ ಪಿನ್‌ನ ಸಿಇಸಿ (ಸಾಧನಗಳು ಒಂದಕ್ಕೊಂದು ಆಜ್ಞೆ ಕಳಿಸುವ ತಂತಿ) ಮೂಲಕ ಪವರ್ ಸ್ಟೇಟಸ್ ಕೇಳಬಹುದು, ಟಿವಿ ಉತ್ತರ ಕೊಡುವ ಮನಸ್ಸು ಮಾಡಿದರೆ. ನಿಮ್ಮ ಪ್ರಾಜೆಕ್ಟ್‌ಗೆ ಇವೆರಡೂ ಬೇಡ ಅನ್ನುತ್ತೇನೆ.

ಇಲ್ಲೇ ಒಂದು ಮಾತು. ಎಚ್‌ಪಿಡಿ ತಂತಿಯನ್ನು ನೇರವಾಗಿ ಬೋರ್ಡ್‌ನ ಜಿಪಿಐಒ (ಸಾಮಾನ್ಯ ಬಳಕೆಯ) ಪಿನ್‌ಗೆ ಕೊಟ್ಟಿದ್ದರೆ ಈಗಲೇ ತೆಗೆಯಿರಿ. ಬರುವುದು 5 ವೋಲ್ಟ್, 5.3ರವರೆಗೂ ಇರಬಹುದು. ನಿಮ್ಮ ಪಿನ್ ತಡೆಯುವುದು ಬಹುಶಃ 3.3 ವೋಲ್ಟ್. ನಡುವೆ ಎರಡು ರೆಸಿಸ್ಟರ್‌ನ ಡಿವೈಡರ್ ಅಥವಾ ಲೆವೆಲ್ ಶಿಫ್ಟರ್ ಹಾಕಿ. ಕೇಬಲ್ ಇಲ್ಲದಾಗ ಪಿನ್ ತೇಲಾಡದ ಹಾಗೆ ಕೆಳಗೆ ಎಳೆಯುವ ರೆಸಿಸ್ಟರ್ ಕೂಡ ಇರಲಿ. ತೇಲಾಡುವ ಪಿನ್‌ನಿಂದ ಬರುವ ಇಂಟರಪ್ಟ್‌ಗಳ ಹಿಂದೆ ಎರಡು ದಿನ ಅಲೆದವರನ್ನು ನಾನು ನೋಡಿದ್ದೇನೆ.

1024×768ರ ಕಥೆ ಏನು? ಕೇಬಲ್‌ನ ಎಲ್ಲ ಪಿನ್‌ಗಳೂ ಒಂದೇ ಕ್ಷಣಕ್ಕೆ ತಾಗುವುದಿಲ್ಲ. ನಿಧಾನಕ್ಕೆ ತುರುಕಿದರೆ, ಅಥವಾ ಸ್ವಲ್ಪ ಓರೆಯಾಗಿ ಹಾಕಿದರೆ, ಎಚ್‌ಪಿಡಿ ಮೊದಲು ತಾಗಿ, ಇಡಿಐಡಿ ಓದಲು ಬಳಸುವ ಡಿಡಿಸಿ ಪಿನ್‌ಗಳು (15 ಮತ್ತು 16) ಆಮೇಲೆ ತಾಗಬಹುದು. ಎಚ್‌ಪಿಡಿ ಬಂತು ಅಂತ ನೀವು ತಕ್ಷಣ ಇಡಿಐಡಿ ಕೇಳುತ್ತೀರಿ, ಅಲ್ಲಿ ಇನ್ನೂ ತಂತಿಯೇ ಕೂಡಿಲ್ಲ. ಡ್ರೈವರ್ 'ಕನೆಕ್ಟೆಡ್' ಅನ್ನುತ್ತದೆ, ಆದರೆ ಇಡಿಐಡಿ ಸಿಗದ್ದರಿಂದ ಮೋಡ್‌ಗಳ, ಅಂದರೆ ಚಿತ್ರದ ಅಳತೆಗಳ, ಪಟ್ಟಿ ಖಾಲಿ. ಆಗ ಲಿನಕ್ಸ್‌ನಲ್ಲಿ ಪರದೆಗಳನ್ನು ನೋಡಿಕೊಳ್ಳುವ ಭಾಗವಾದ ಡಿಆರ್‌ಎಂನ ಹೆಲ್ಪರ್ ಕೋಡ್ ಯಾವ ಮಾನಿಟರ್‌ಗೂ ಅಪಾಯವಾಗದ ಮೋಡ್‌ಗಳನ್ನು ತಾನೇ ಸೇರಿಸುತ್ತದೆ, 1024×768ರವರೆಗೆ. ನಿಮ್ಮ ಟಿವಿ ಅಲ್ಲಿಗೆ ನಿಲ್ಲುವುದು ಅದಕ್ಕೇ. ಎಎಂಡಿಯ ಡ್ರೈವರ್‌ನಲ್ಲಿ ಇದಕ್ಕೆ ಬೇರೆಯೇ ಒಂದು ಫ್ಲ್ಯಾಗ್ ಇದೆ: ಎಚ್‌ಪಿಡಿ ಬಂದಿದೆ, ಡಿಡಿಸಿ ಮಾತಾಡುತ್ತಿಲ್ಲ ಅಂದರೆ ಅದನ್ನು ನೆನಪಿಟ್ಟುಕೊಂಡು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತದೆ. ಇಷ್ಟು ದೊಡ್ಡ ಡ್ರೈವರ್ ಬರೆಯುವವರಿಗೂ ನಿಧಾನವಾಗಿ ಕೇಬಲ್ ತುರುಕುವ ಕೈ ತೊಂದರೆ ಕೊಟ್ಟಿದೆ ಅಂತ ಗೊತ್ತಾದಾಗ ನನಗೆ ಧೈರ್ಯ ಬಂತು.

ಹಾಗಾದರೆ ಎಷ್ಟು ಕಾಯಬೇಕು, ಎಲ್ಲಿ ಕಾಯಬೇಕು? ಇಂಟರಪ್ಟ್ ಒಳಗೆ ಖಂಡಿತ ಅಲ್ಲ. ಲೆಕ್ಕ ಹಾಕಿ ನೋಡಿ. ಡಿಡಿಸಿ ಅಂದರೆ ಐಟೂಸಿ ಅನ್ನುವ ಎರಡು ತಂತಿಯ ನಿಧಾನದ ಸಂಪರ್ಕ, ಹೆಚ್ಚೆಂದರೆ 100 ಕಿಲೋಹರ್ಟ್ಸ್. ಒಂದು ಬೈಟ್‌ಗೆ 9 ಕ್ಲಾಕ್. ಇಡಿಐಡಿಯ ಮೊದಲ ಬ್ಲಾಕ್ 128 ಬೈಟ್, ಅಂದರೆ 1152 ಕ್ಲಾಕ್, ಸುಮಾರು 11.5 ಮಿಲಿಸೆಕೆಂಡ್. ಟಿವಿಗಳಿಗೆ ಸಾಮಾನ್ಯವಾಗಿ ಇನ್ನೊಂದು ಬ್ಲಾಕ್ ಇರುತ್ತದೆ, ಅಲ್ಲಿಗೆ 23. ಓದು ಫೇಲ್ ಆಗಿ ಮತ್ತೆ ಮತ್ತೆ ಓದಿದರೆ ನೂರು ದಾಟುತ್ತದೆ. ಇಂಟರಪ್ಟ್ ಒಳಗೆ ಅಷ್ಟು ಹೊತ್ತು ಕೂತರೆ ಇಡೀ ಸಿಸ್ಟಂ ತಡೆದು ನಿಲ್ಲುತ್ತದೆ. ಐಟೂಸಿ ಕೋಡ್ ನಿದ್ದೆಗೂ ಹೋಗಬಹುದು, ಅದಂತೂ ಅಲ್ಲಿ ಆಗಲೇಬಾರದು. ಇಂಟರಪ್ಟ್ ಬಂದರೆ ಬಿಟ್ ಕ್ಲಿಯರ್ ಮಾಡಿ, "ಎಚ್‌ಪಿಡಿ ಅಲುಗಾಡಿತು" ಅಂತ ಒಂದು ಗುರುತು ಹಾಕಿ, ವರ್ಕ್ ಕ್ಯೂಗೆ (ಆಮೇಲೆ ಮಾಡುವ ಕೆಲಸಗಳ ಸಾಲಿಗೆ) ಕೆಲಸ ಒಪ್ಪಿಸಿ ಹೊರಗೆ ಬನ್ನಿ. ಉಳಿದದ್ದೆಲ್ಲ ಅಲ್ಲಿ.

ಆ ಗುರುತು ಮುಖ್ಯ. ನನ್ನ ಗಿರಣಿಯ ತಪ್ಪು ಇದ್ದದ್ದು ಅಲ್ಲೇ. ಟಿವಿ ತನ್ನ ಇಡಿಐಡಿ ಬದಲಾಯಿತು ಅಂತ ಹೇಳಬೇಕಾದರೆ ಎಚ್‌ಪಿಡಿಯನ್ನು ಕನಿಷ್ಠ 100 ಮಿಲಿಸೆಕೆಂಡ್ ಇಳಿಸಿ ಮತ್ತೆ ಏರಿಸಬೇಕು, ಎಚ್‌ಡಿಎಂಐ ನಿಯಮವೇ ಹಾಗಿದೆ. ನಡುವೆ ಆಡಿಯೊ ರಿಸೀವರ್ ಇದ್ದು ಅದರ ಹಿಂದಿನ ಟಿವಿ ಆನ್ ಆದಾಗಲೂ ಹೀಗಾಗುತ್ತದೆ. ನಿಮ್ಮ ಡಿಬೌನ್ಸ್ 300 ಮಿಲಿಸೆಕೆಂಡ್ ಕಾದು ಬರೀ ಲೆವೆಲ್ ಹೋಲಿಸಿದರೆ, ಮೊದಲೂ ಮೇಲೆ, ಈಗಲೂ ಮೇಲೆ, ಸುದ್ದಿ ಕಳೆದುಹೋಯಿತು. ಅದಕ್ಕೆ ನಾನು ಈಗ ಹೀಗೆ ಮಾಡುತ್ತೇನೆ. ಪ್ರತಿ ಅಲುಗಾಟಕ್ಕೂ ಟೈಮರ್ ಮುಂದಕ್ಕೆ ತಳ್ಳುತ್ತೇನೆ. ಎಲ್ಲ ತಣ್ಣಗಾದ ಮೇಲೆ, ಲೆವೆಲ್ ಹಿಂದಿನಂತೆಯೇ ಇದ್ದರೂ, ಇಡಿಐಡಿ ಹೊಸದಾಗಿ ಓದಿ ಹಳೆಯದರ ಜೊತೆ ಹೋಲಿಸುತ್ತೇನೆ. ಬೇರೆ ಇದ್ದರೆ ಡ್ರೈವರ್‌ನ ಮೇಲಿನ ಸಾಫ್ಟ್‌ವೇರ್‌ಗೆ ಸುದ್ದಿ ಕೊಡುತ್ತೇನೆ. ಬೋರ್ಡ್ ನಿದ್ದೆಯಿಂದ ಎದ್ದಾಗಲೂ ಇದನ್ನೇ ಮಾಡಿ. ಮಲಗಿದ್ದಾಗ ಒಂದು ಮಾನಿಟರ್ ಕಿತ್ತು ಇನ್ನೊಂದು ಹಾಕಿದ್ದರೆ ಸ್ಟೇಟಸ್ ಎರಡೂ ಸಲ 'ಕನೆಕ್ಟೆಡ್', ವ್ಯತ್ಯಾಸ ಕಾಣುವುದು ಇಡಿಐಡಿಯಲ್ಲಿ ಮಾತ್ರ.

ಓದಿದ ಇಡಿಐಡಿಯನ್ನು ಪರೀಕ್ಷಿಸದೆ ಒಳಗೆ ಬಿಡಬೇಡಿ. ಮೊದಲ ಎಂಟು ಬೈಟ್‌ಗಳ ಗುರುತು ಸುಲಭ: ಒಂದು ಸೊನ್ನೆ, ಆರು ಸಲ 255, ಮತ್ತೊಂದು ಸೊನ್ನೆ. 128 ಬೈಟ್‌ಗಳನ್ನೂ ಕೂಡಿದರೆ ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗಬೇಕು. ತಾಳೆಯಾಗದಿದ್ದರೆ ಮತ್ತೆ ಓದಿ. ನಾನು ನಾಲ್ಕು ಸಲ ಓದುತ್ತೇನೆ, ನಡುವೆ ಸ್ವಲ್ಪ ಬಿಡುವು ಕೊಟ್ಟು. ನೀವು ಡಿಆರ್‌ಎಂನ ಸಿದ್ಧ ಫಂಕ್ಷನ್‌ಗಳನ್ನೇ ಬಳಸಿದರೆ ಈ ಪರೀಕ್ಷೆಯೆಲ್ಲ ಅದರಲ್ಲೇ ಇದೆ. ಸ್ವಂತ ಬರೆಯುವ ಹುಮ್ಮಸ್ಸು ಇದ್ದರೂ ಬಳಸಿ.

ಗಿರಣಿಯಲ್ಲಿ ಆಮೇಲೆ ಇನ್ನೊಂದು ಬಂತು. ಪಾಲಿಷರ್ ಮೋಟಾರ್ ಸ್ಟಾರ್ಟ್ ಮಾಡಿದಾಗಲೆಲ್ಲ ಎಚ್‌ಪಿಡಿ ಇಂಟರಪ್ಟ್‌ಗಳು ಮಳೆಯ ಹಾಗೆ ಸುರಿಯುತ್ತಿದ್ದವು. ಬಾಕ್ಸ್‌ಗೆ ಯುಪಿಎಸ್‌ನ ಅರ್ಥ್, ಟಿವಿಗೆ ಶೆಡ್ಡಿನ ಅರ್ಥ್, ನಡುವೆ 15 ಮೀಟರ್ ತಂತಿ. ಎರಡು ಅರ್ಥ್‌ಗಳ ನಡುವಿನ ವ್ಯತ್ಯಾಸ ಆ ತಂತಿಯ ಮೇಲೆ ಬೀಳುತ್ತಿತ್ತು. ಸರಿಯಾದ ಉಪಾಯ ಎರಡಕ್ಕೂ ಒಂದೇ ಕಡೆಯಿಂದ ಕರೆಂಟ್ ಕೊಡುವುದು, ಕೊನೆಗೆ ಅದನ್ನೇ ಮಾಡಿದೆವು. ಆದರೆ ಡ್ರೈವರ್ ಕೂಡ ತನ್ನನ್ನು ಕಾಪಾಡಿಕೊಳ್ಳಬೇಕು. ಇಂಟೆಲ್‌ನ ಐ915 ಡ್ರೈವರ್ ಇದಕ್ಕೆ ಎಚ್‌ಪಿಡಿ ಸ್ಟಾರ್ಮ್ ಅನ್ನುತ್ತದೆ. ಒಂದು ಸೆಕೆಂಡಿನೊಳಗೆ ಇಂಟರಪ್ಟ್‌ಗಳು ಮಿತಿ ಮೀರಿದರೆ ಆ ಪಿನ್‌ನ ಇಂಟರಪ್ಟ್ ಬಂದ್ ಮಾಡಿ, ಆಗಾಗ ತಾನೇ ಹೋಗಿ ನೋಡುವ ಕ್ರಮಕ್ಕೆ, ಅಂದರೆ ಪೋಲಿಂಗ್‌ಗೆ ಇಳಿಯುತ್ತದೆ. ಎರಡು ನಿಮಿಷದ ನಂತರ ಇಂಟರಪ್ಟ್ ಮತ್ತೆ ಶುರು ಮಾಡುತ್ತದೆ. ಅದೇ ಕ್ರಮವನ್ನು ನೀವೂ ಹಿಡಿಯಿರಿ, ಇಪ್ಪತ್ತು ಮೂವತ್ತು ಸಾಲಿನ ಕೆಲಸ.

ವಿಜಿಎ ಬೇರೆ ಜಾತಿ. ಅದರ 15 ಪಿನ್‌ಗಳಲ್ಲಿ ಎಚ್‌ಪಿಡಿ ಅಂತ ಒಂದೂ ಇಲ್ಲ. ಹಾಗಾಗಿ ಡ್ರೈವರೇ ಹೋಗಿ ಬಾಗಿಲು ತಟ್ಟಬೇಕು. ತಟ್ಟುವುದಕ್ಕೆ ಎರಡು ದಾರಿ. ಒಂದು, 12 ಮತ್ತು 15ನೇ ಪಿನ್‌ನ ಡಿಡಿಸಿ ಮೇಲೆ ಇಡಿಐಡಿ ಕೇಳುವುದು. ಇದರಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ. ಹಳೇ ಮಾನಿಟರ್, ಅಥವಾ ಡಿಡಿಸಿ ತಂತಿಯೇ ಇಲ್ಲದ ಅಗ್ಗದ ಕೇಬಲ್ ಆದರೆ ಉತ್ತರ ಬರುವುದಿಲ್ಲ. ಆಗ ಎರಡನೆಯದು, ಲೋಡ್ ಡಿಟೆಕ್ಷನ್. ಮಾನಿಟರ್ ಒಳಗೆ ಕೆಂಪು, ಹಸಿರು, ನೀಲಿ ತಂತಿಗಳಿಗೆ 75 ಓಮ್ ರೆಸಿಸ್ಟರ್ ಇರುತ್ತದೆ. ಡ್ಯಾಕ್‌ನಿಂದ (ಚಿತ್ರದ ಅಂಕೆಗಳನ್ನು ಅನಲಾಗ್ ಸಿಗ್ನಲ್ ಮಾಡುವ ಭಾಗ) ಗೊತ್ತಿರುವಷ್ಟು ಕರೆಂಟ್ ಬಿಟ್ಟು ವೋಲ್ಟೇಜ್ ಅಳೆದರೆ, ಆ ರೆಸಿಸ್ಟರ್ ಇದ್ದಾಗ ಕಡಿಮೆ, ಇಲ್ಲದಾಗ ಜಾಸ್ತಿ. ಅಳೆಯುವಾಗ ಪರದೆಯ ಮೇಲಿನ ಚಿತ್ರವನ್ನು ಕೆಡಿಸಬೇಕಾಗುತ್ತದೆ. ನಿಮ್ಮ ಮಿಣುಕಿಗೆ ಅದೇ ಕಾರಣ. ಡಿಆರ್‌ಎಂನ ಪೋಲಿಂಗ್ ಹತ್ತು ಸೆಕೆಂಡಿಗೊಮ್ಮೆ ಓಡುತ್ತದೆ, ನಿಮ್ಮ ಡಿಟೆಕ್ಟ್ ಫಂಕ್ಷನ್ ಪ್ರತಿ ಸಲವೂ ಲೋಡ್ ಡಿಟೆಕ್ಷನ್ ಮಾಡುತ್ತಿದೆ.

ಡಿಟೆಕ್ಟ್ ಫಂಕ್ಷನ್‌ಗೆ ಫೋರ್ಸ್ ಅಂತ ಒಂದು ಆರ್ಗ್ಯುಮೆಂಟ್ ಬರುತ್ತದೆ, ನೋಡಿದ್ದೀರಾ? ಪೋಲಿಂಗ್ ಕರೆದಾಗ ಅದು ಫಾಲ್ಸ್ ಇರುತ್ತದೆ. "ಸುಮ್ನೆ ನೋಡು, ಏನನ್ನೂ ಕೆಡಿಸಬೇಡ" ಅಂತ ಅದರ ಅರ್ಥ. ಬಳಕೆದಾರರು ತಾವಾಗಿ ಕೇಳಿದಾಗ ಟ್ರೂ. ಫಾಲ್ಸ್ ಇದ್ದರೆ ಇಡಿಐಡಿ ಮಾತ್ರ ಕೇಳಿ, ಸಿಗದಿದ್ದರೆ ಹಿಂದಿನ ಸ್ಟೇಟಸ್ ವಾಪಸ್ ಕೊಡಿ. ಇನ್ನೊಂದು, ಕನೆಕ್ಟರ್‌ನ ಪೋಲಿಂಗ್ ಫ್ಲ್ಯಾಗ್‌ಗಳಲ್ಲಿ 'ಕನೆಕ್ಟ್' ಮಾತ್ರ ಹಾಕಿ, 'ಡಿಸ್‌ಕನೆಕ್ಟ್' ತೆಗೆಯಿರಿ. ಆಗ ಮಾನಿಟರ್ ಒಮ್ಮೆ ಕಂಡ ಮೇಲೆ ಪೋಲಿಂಗ್ ಅದರ ತಂಟೆಗೆ ಹೋಗುವುದಿಲ್ಲ. ವಿಜಿಎ ಕೇಬಲ್ ಕಿತ್ತದ್ದು ತಕ್ಷಣ ಗೊತ್ತಾಗದೇ ಹೋಗಬಹುದು. ಹೋಗಲಿ ಬಿಡಿ, ಹತ್ತು ಸೆಕೆಂಡಿಗೊಮ್ಮೆ ಮಿಣುಕುವ ಪರದೆಯ ಮುಂದೆ ಕೂತು ಕೆಲಸ ಮಾಡುವವರ ಕಷ್ಟ ಅದಕ್ಕಿಂತ ದೊಡ್ಡದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ನಿಮ್ಮ ಪ್ರಶ್ನೆಯಲ್ಲಿ "ಸಿಕ್ಕಿಸಿದೆಯೋ ಇಲ್ಲವೋ" ಅಂತ ಎರಡೇ ಉತ್ತರ ಇದೆ. ಲಿನಕ್ಸ್‌ನಲ್ಲಿ ಮೂರಿವೆ: ಕನೆಕ್ಟೆಡ್, ಡಿಸ್‌ಕನೆಕ್ಟೆಡ್, ಅನ್‌ನೋನ್. ಮೂರನೆಯದನ್ನು ಬಳಸಲು ಹಿಂಜರಿಯಬೇಡಿ. ವಿಜಿಎ ಮೇಲೆ ಇಡಿಐಡಿ ಇಲ್ಲ, ಲೋಡ್ ಅಳೆಯಲು ಸದ್ಯಕ್ಕೆ ಡ್ಯಾಕ್ ಖಾಲಿ ಇಲ್ಲ, ಹಿಂದೆ ಏನಿತ್ತು ಅನ್ನುವುದೂ ಇಲ್ಲ. ಆಗ 'ಅನ್‌ನೋನ್' ಅನ್ನಿ. ಡಿಆರ್‌ಎಂ ಇದನ್ನು ಎಷ್ಟು ಎಚ್ಚರದಿಂದ ನಡೆಸಿಕೊಳ್ಳುತ್ತದೆ ನೋಡಿ. ಪೋಲಿಂಗ್‌ನಲ್ಲಿ 'ಅನ್‌ನೋನ್' ಬಂದರೆ ಹಳೇ ಸ್ಟೇಟಸನ್ನೇ ಉಳಿಸಿಕೊಳ್ಳುತ್ತದೆ. ಬೂಟ್ ಆಗುವಾಗ ಒಂದೂ 'ಕನೆಕ್ಟೆಡ್' ಸಿಗದಿದ್ದರೆ 'ಅನ್‌ನೋನ್' ಇರುವಲ್ಲಿ ಚಿತ್ರ ಹಚ್ಚಿ ನೋಡುತ್ತದೆ. ನೀವು ಗೊತ್ತಿಲ್ಲದೆ 'ಡಿಸ್‌ಕನೆಕ್ಟೆಡ್' ಅಂದರೆ ಆ ಅವಕಾಶವೇ ಹೋಯಿತು. ಪರದೆ ಕಪ್ಪಾಗಿದ್ದಾಗ ಬಳಕೆದಾರರು ಸೆಟ್ಟಿಂಗ್ ಸರಿಪಡಿಸಲು ಎಲ್ಲಿ ಹೋಗಬೇಕು?

ಅದೇ ಕಾರಣಕ್ಕೆ, ಎಚ್‌ಪಿಡಿ ಇಳಿಯಿತು ಅಂತ ಡ್ರೈವರ್ ತಾನೇ ಔಟ್‌ಪುಟ್ ಬಂದ್ ಮಾಡಬಾರದು. ಸ್ಟೇಟಸ್ ಬದಲಿಸಿ, ಹಾಟ್‌ಪ್ಲಗ್ ಇವೆಂಟ್ ಕಳಿಸಿ, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಮುಂದೇನು ಅನ್ನುವುದು ಡೆಸ್ಕ್‌ಟಾಪ್ ಅಥವಾ ನಿಮ್ಮ ಅಪ್ಲಿಕೇಷನ್ ನಿರ್ಧರಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕಿಟಕಿಗಳನ್ನು ಇನ್ನೊಂದು ಪರದೆಗೆ ಸರಿಸಬೇಕು, ಸರಿ. ಕಾಟಾದ ಟಿವಿಗೆ ಇನ್ನೊಂದು ಪರದೆಯೇ ಇಲ್ಲ. ಚಿತ್ರವನ್ನು ಹಾಗೇ ಕಳಿಸುತ್ತಾ ಇದ್ದರೆ ಕರೆಂಟ್ ಬಂದ ಕೂಡಲೇ ತೂಕ ಕಾಣುತ್ತದೆ. ಯಾವುದು ಯಾವ ಜಾಗ ಅಂತ ಡ್ರೈವರ್‌ಗೆ ಗೊತ್ತಿರಲು ಸಾಧ್ಯವಿಲ್ಲ.

ಬಲವಂತವಾಗಿ ಆನ್ ಇಡುವ ದಾರಿಯೂ ನಿಮ್ಮ ಡ್ರೈವರ್‌ನಲ್ಲಿ ಕೆಲಸ ಮಾಡಬೇಕು. ಕರ್ನಲ್ ಕಮಾಂಡ್ ಲೈನ್‌ನಲ್ಲಿ ವಿಡಿಯೊ ಪ್ಯಾರಾಮೀಟರ್‌ಗೆ ಕನೆಕ್ಟರ್ ಹೆಸರು, ಮೋಡ್, ಕೊನೆಗೆ ದೊಡ್ಡಕ್ಷರದ 'ಡಿ' ಹಾಕಿದರೆ ಡಿಜಿಟಲ್ ಔಟ್‌ಪುಟ್ ಯಾವಾಗಲೂ ಆನ್. ಸಣ್ಣಕ್ಷರದ 'ಡಿ' ಹಾಕಿದರೆ ಯಾವಾಗಲೂ ಆಫ್, ಇಲ್ಲಿ ಎಡವಬೇಡಿ. ಇಡಿಐಡಿಯನ್ನು ಫೈಲ್‌ನಿಂದ ಕೊಡುವ ಪ್ಯಾರಾಮೀಟರ್ ಕೂಡ ಡಿಆರ್‌ಎಂನಲ್ಲಿದೆ. ಗಿರಣಿಯಲ್ಲಿ ನಾನು ಎರಡನ್ನೂ ಹಾಕಿದ್ದೇನೆ. ಆ ಟಿವಿಯ ಇಡಿಐಡಿಯನ್ನು ಒಮ್ಮೆ ಸರಿಯಾಗಿ ಓದಿ ಫೈಲ್ ಮಾಡಿಟ್ಟೆ.

ಇನ್ನು ಪರೀಕ್ಷೆ. ಕೇಬಲನ್ನು ಪಟ್ ಅಂತ ಹಾಕಿ ತೆಗೆದು ನೋಡಿದರೆ ಏನೂ ಸಿಗಲ್ಲ. ಐದು ಸೆಕೆಂಡ್ ತೆಗೆದುಕೊಂಡು ನಿಧಾನಕ್ಕೆ ತುರುಕಿ. ಅರ್ಧ ಹಾಕಿ ಅಲುಗಾಡಿಸಿ. ಕೇಬಲ್ ಹಾಗೇ ಇಟ್ಟು ಟಿವಿಯನ್ನು ಗೋಡೆಯ ಸ್ವಿಚ್‌ನಲ್ಲಿ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಬೋರ್ಡ್ ನಿದ್ದೆಗೆ ಹಾಕಿ ಮಾನಿಟರ್ ಬದಲಿಸಿ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ವಿವರಗಳನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಕನೆಕ್ಟರ್‌ನ ಸ್ಟೇಟಸ್ ಫೈಲ್‌ಗೆ 'ಡಿಟೆಕ್ಟ್' ಅಂತ ಬರೆದರೆ ಬಲವಂತದ ಪರೀಕ್ಷೆ ಒಂದು ಸಲ ಓಡುತ್ತದೆ, ಅದನ್ನೂ ಮಾಡಿ. ಪ್ರತಿ ಸಲ ಲಾಗ್‌ನಲ್ಲಿ ಮೂರು ವಿಷಯ ಬರಲಿ: ಎಚ್‌ಪಿಡಿ ಲೆವೆಲ್ ಏನಿತ್ತು, ಇಡಿಐಡಿ ಓದು ಎಷ್ಟನೇ ಸಲಕ್ಕೆ ಆಯಿತು, ಕೊನೆಗೆ ಯಾವ ಸ್ಟೇಟಸ್ ಕೊಟ್ಟಿರಿ.

ಮೊದಲು ಫೋರ್ಸ್ ಆರ್ಗ್ಯುಮೆಂಟ್ ಸರಿ ಮಾಡಿ, ಮಿಣುಕು ಇವತ್ತೇ ನಿಲ್ಲುತ್ತದೆ. ಆಮೇಲೆ ಇಡಿಐಡಿಯ ಮರು ಓದು. ಅದಾದ ಮೇಲೂ 1024×768ಕ್ಕೆ ನಿಂತರೆ ಆ ಲಾಗ್ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.